ಬೆನ್ನು ತಿರುಗಿಸಿ ಕೂರುವ ವಿದ್ಯೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಅತ್ತಿಗೆ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಡಿಸೆಂಬರ್ ತಿಂಗಳು. ಸೊಗಡು ತುಂಬಿದ ಕಾಯಿ, ಮೊರದ ತುಂಬ ಸಿಪ್ಪೆ. ಆ ಕೋಣೆಯಲ್ಲಿ ಇನ್ನೊಂದು ಜೀವವಿತ್ತು. ಮೂರು ದಿನದ ಹಿಂದೆ ಬಂದ ಬೂದುಬಣ್ಣದ ಹೆಣ್ಣು ಬೆಕ್ಕು ಮಂಚದ ಕೆಳಗೆ ಗೋಡೆಗೆ ಒತ್ತಿಕೊಂಡು ಕೂತಿತ್ತು. ಅತ್ತಿಗೆ ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ಒಂದು ಗಂಟೆಯ ಹೊತ್ತಿನಲ್ಲಿ ಒಮ್ಮೆಯೂ ತಿರುಗಿ ನೋಡಲಿಲ್ಲ, ಪುಸ್ ಪುಸ್ ಎಂದು ಕರೆಯಲಿಲ್ಲ. ಕಾಯಿ ಮುಗಿದ ಮೇಲೆ ಎದ್ದು ಬಂದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ನನಗೆ ಮೆಲ್ಲಗೆ ಹೇಳಿದರು: "ನೆನ್ನೆ ನಾನು ಕೆಮ್ಮಿದಾಗ ಅದರ ಉಗುರು ನೆಲಕ್ಕೆ ಪರಚಿದ ಸದ್ದು ಕೇಳಿತ್ತು. ಇವತ್ತು ಕೆಮ್ಮಿದೆ, ಸದ್ದಿಲ್ಲ ನೋಡು."

ಅವರ ಪಾಲಿಗೆ ಆ ದಿನದ ದೊಡ್ಡ ಸುದ್ದಿ ಅದೇ.

ನನಗೆ ಆ ಮಾತು ತಟ್ಟಿದ್ದಕ್ಕೆ ಕಾರಣವಿದೆ. ಐದು ವರ್ಷದ ಹಿಂದೆ ಬೆಂಗಳೂರಿನ ನನ್ನ ಮನೆಗೂ ಒಂದು ಬೆಕ್ಕು ಬಂದಿತ್ತು. ಬಂದ ದಿನವೇ ಅದನ್ನು ಎತ್ತಿಕೊಂಡು ಕೋಣೆ ಕೋಣೆ ತೋರಿಸಿದೆ. ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಮುಟ್ಟಿ ಹೋದರು. ಬಟ್ಟಲ ತುಂಬ ಹಾಲಿಟ್ಟೆ. ಎರಡನೇ ರಾತ್ರಿ ಅದು ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಯಿತು, ಮತ್ತೆ ಬರಲಿಲ್ಲ. ವಾರಗಟ್ಟಲೆ ಸಂಜೆ ಬೀದಿ ಬೀದಿ ಹುಡುಕಿದೆ. ಪ್ರೀತಿಗೆ ನಾನು ಕಡಿಮೆ ಮಾಡಿರಲಿಲ್ಲ. ಬೆಕ್ಕನ್ನು ಮನೆಗೆ ಒಗ್ಗಿಸುವುದಕ್ಕೆ ಪ್ರೀತಿಯ ಜೊತೆಗೆ ಒಂದು ಕಸುಬು ಬೇಕೆಂಬುದು ತಿಳಿದಿರಲಿಲ್ಲ. ಆ ಕಸುಬನ್ನು ಬಲ್ಲವರು ನಮ್ಮ ಅತ್ತಿಗೆ. ಯಾರೋ ವರ್ಗವಾಗಿ ಹೋಗುವಾಗ ಬಿಟ್ಟವು, ಮುದುಕರು ತೀರಿಕೊಂಡ ಮೇಲೆ ದಿಕ್ಕಿಲ್ಲದೆ ಉಳಿದವು ಎಂದು ಇಷ್ಟು ವರ್ಷಗಳಲ್ಲಿ ಹತ್ತು ಹನ್ನೆರಡು ಬೆಕ್ಕುಗಳನ್ನು ಅವರು ಹೀಗೆ ನಿಲ್ಲಿಸಿಕೊಂಡಿದ್ದಾರೆ.

ಬೆಕ್ಕಿಗೆ ಮನೆ ಅಂದರೇನು ಎನ್ನುವುದರಿಂದ ಅವರ ಲೆಕ್ಕ ಶುರುವಾಗುತ್ತದೆ. ನಮ್ಮ ಮನೆಗಳಲ್ಲಿ ಓಡಾಡುವ ಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಕಾಡುಬೆಕ್ಕಿನ ವಂಶದವು. 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಆ ಕಾಡುಬೆಕ್ಕು ಒಂಟಿ ಬೇಟೆಗಾರ. ಕಾಲು ಮುರಿದರೆ ತಂದು ಹಾಕಲು ಅದಕ್ಕೆ ಹಿಂಡಿಲ್ಲ. ಇಲಿ ಎಲ್ಲಿ ಸಿಗುತ್ತದೆ, ನಾಯಿ ಬಂದರೆ ಯಾವ ಬಿರುಕಿನಲ್ಲಿ ನುಸುಳಬೇಕು, ಬಿಸಿಲು ಎಲ್ಲಿ ಬೀಳುತ್ತದೆ ಎಂಬ ತಿಳಿವಳಿಕೆಯೇ ಅದರ ಜೀವರಕ್ಷೆ. ಹಾಗಾಗಿ ಜಾಗ ಬದಲಾದ ಬೆಕ್ಕು ತನ್ನ ಕಾವಲನ್ನೆಲ್ಲ ಒಂದೇ ಏಟಿಗೆ ಕಳೆದುಕೊಂಡಿರುತ್ತದೆ. ಮಲೆನಾಡಿನ ಯಾವ ಮನೆಯಲ್ಲಿ ಕೇಳಿದರೂ ಒಂದು ಕತೆ ಸಿಗುತ್ತದೆ: ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದ ಬೆಕ್ಕು ಮೂರನೇ ದಿನ ಅದೇ ಒಲೆಯ ಮುಂದೆ ಕೂತಿತ್ತು ಅಂತ. ನಾವದನ್ನು ಬೆಕ್ಕಿನ ಜಾಣತನ ಎಂದು ಹೇಳಿ ನಗುತ್ತೇವೆ. ಅದರ ಗಾಬರಿ ಎಷ್ಟಿದ್ದಿರಬೇಕು ಎಂದು ಯೋಚಿಸುವುದಿಲ್ಲ.

ಹಾಗಂತ ಬೆಕ್ಕು ಊರು ಬಿಟ್ಟು ಊರಿಗೆ ಬರುವುದು ಹೊಸದಲ್ಲ. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿತು. 2004ರಲ್ಲಿ ಅದರ ವಿವರ ಪ್ರಕಟವಾಯಿತು. ಒಬ್ಬ ಮನುಷ್ಯ, ಅವನಿಂದ 40 ಸೆಂಟಿಮೀಟರ್ ದೂರದಲ್ಲಿ ಸುಮಾರು ಎಂಟು ತಿಂಗಳ ಒಂದು ಬೆಕ್ಕು. ಆ ದ್ವೀಪದಲ್ಲಿ ಬೆಕ್ಕಿನ ಜಾತಿ ಮೂಲತಃ ಇರಲಿಲ್ಲ, ಆದ್ದರಿಂದ ಯಾರೋ ದೋಣಿಯಲ್ಲಿಟ್ಟುಕೊಂಡು ಕಡಲು ದಾಟಿಸಿರಬೇಕು. ಆ ದೋಣಿ ದಡ ಮುಟ್ಟಿದ ಮೇಲೆ ಮೊದಲ ವಾರ ಆ ಬೆಕ್ಕುಗಳನ್ನು ಹೇಗೆ ಸಂಭಾಳಿಸಿದರೋ ಎಂದು ನಾನು ಆಗಾಗ ಯೋಚಿಸುತ್ತೇನೆ. ಅಲ್ಲೂ ಯಾರೋ ಒಬ್ಬರು ಕಾಳು ಬಿಡಿಸುತ್ತಾ ಬೆನ್ನು ತಿರುಗಿಸಿ ಕೂತಿದ್ದರೆಂದು ನಂಬಲು ಮನಸ್ಸಾಗುತ್ತದೆ.

ಬೆಕ್ಕು ಒಂದು ಜಾಗವನ್ನು ತನ್ನದು ಮಾಡಿಕೊಳ್ಳುವುದು ವಾಸನೆಯಿಂದ. ಅದರ ಕೆನ್ನೆ, ಗಲ್ಲ, ತುಟಿಯ ಅಂಚು, ಹಣೆಯ ಬದಿ, ಪಾದದಡಿ, ಎಲ್ಲ ಕಡೆಯೂ ಗಂಧದ ಗ್ರಂಥಿಗಳಿವೆ. ಕುರ್ಚಿಯ ಕಾಲಿಗೆ ಕೆನ್ನೆ ತೀಡಿ ಹೋಗುವ ಬೆಕ್ಕು ನಮ್ಮ ಮೂಗಿಗೆ ಸಿಗದ ಒಂದು ಗುರುತನ್ನು ಅಲ್ಲಿ ಹಚ್ಚುತ್ತದೆ. ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಾಜಾ 1990ರ ದಶಕದಲ್ಲಿ ಈ ಕೆನ್ನೆಯ ಸ್ರಾವವನ್ನು ಬಿಡಿಸಿ ನೋಡಿ, ಅದರಲ್ಲಿ ಒಂದು ಭಾಗ ಬೆಕ್ಕಿಗೆ ನೆಮ್ಮದಿ ಕೊಡುವಂಥದ್ದೆಂದು ಗುರುತಿಸಿದರು. ಇದನ್ನು ಓದಲು ಬೆಕ್ಕಿಗೆ ಮೂಗಿನ ಜೊತೆಗೆ ಇನ್ನೊಂದು ಅಂಗವೂ ಇದೆ. ಅದರ ಬಾಯಿ ಅಂಗಳದಲ್ಲಿ, ಮುಂದಿನ ಹಲ್ಲುಗಳ ಹಿಂದೆ, ಎರಡು ಸಣ್ಣ ರಂಧ್ರಗಳು. ಏನನ್ನೋ ಮೂಸಿ ಬಾಯಿ ಅರೆತೆರೆದು ಮಂಕಾಗಿ ನಿಂತಂತೆ ಕಂಡಾಗ ಬೆಕ್ಕು ಆ ಅಂಗದಿಂದ ಓದುತ್ತಿರುತ್ತದೆ. ಅಂದರೆ ಬೆಕ್ಕಿಗೆ ಮನೆಯನ್ನು ನಾವು ಕೊಡಲಾರೆವು. ಅದು ಕೆನ್ನೆಯಿಂದ ತೀಡಿ ತೀಡಿ ತಾನೇ ಕಟ್ಟಿಕೊಳ್ಳಬೇಕು. ನಮ್ಮ ಕೆಲಸ ಅದಕ್ಕೆ ಹೊತ್ತು ಕೊಡುವುದು, ಕಟ್ಟಿದ್ದನ್ನು ಅಳಿಸದಿರುವುದು.

ಅಳಿಸುವುದರಲ್ಲಿ ನಾವು ನಿಸ್ಸೀಮರು. ದಿನಾ ಫಿನಾಯಿಲ್ ಹಾಕಿ ನೆಲ ಒರೆಸುವ ಮನೆ ನಮ್ಮದು. ಅತ್ತಿಗೆ ಬೆಕ್ಕು ಬರುವ ಒಂದು ವಾರ ಮುಂಚೆಯೇ ಫಿನಾಯಿಲ್ ನಿಲ್ಲಿಸಿ ಬಿಸಿನೀರಿಗೆ ಸ್ವಲ್ಪ ಸೋಪು ಬೆರೆಸಿ ಒರೆಸಿದ್ದರು. ವಾಸನೆಯ ಮಾತು ಒಂದು, ಅದಕ್ಕಿಂತ ದೊಡ್ಡದು ವಿಷದ ಮಾತು. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಒದ್ದೆ ನೆಲ ತುಳಿದ ಪಾದವನ್ನು ಅದು ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ, ವಿಷ ಒಳಗೆ ಹೋಗುತ್ತದೆ. ಇದೇ ಕಾರಣಕ್ಕೆ ನಮ್ಮ ಜ್ವರದ ಪ್ಯಾರಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು ಬೆಕ್ಕಿನ ಪ್ರಾಣ ತೆಗೆಯಲು. ಬೀರುವಿನಿಂದ ನುಸಿಗುಳಿಗೆ ಹೊರಗೆ ಹೋಯಿತು, ಹೂದಾನಿಯ ಲಿಲ್ಲಿ ಹೂವೂ ಹೋಯಿತು. ಲಿಲ್ಲಿಯ ಎಲೆ, ಹೂವು, ಪರಾಗ, ಯಾವುದನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ನಾಯಿಯ ಉಣ್ಣೆಗೆಂದು ತಂದ ಔಷಧಿಯನ್ನು ಬೆಕ್ಕಿಗೆ ಹಾಕುವವರಿದ್ದಾರೆ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ ನಡುಗಿ ಸಾಯಬಹುದು.

ಇಡೀ ಮನೆ ಖಾಲಿಯಿದ್ದರೂ ಅತ್ತಿಗೆ ಆರಿಸಿದ್ದು ಆ ಸಣ್ಣ ಹಿಂಕೋಣೆಯನ್ನು. ಅಡುಗೆಮನೆಗೆ ಅದು ದೂರ. ಕುಕ್ಕರಿನ ಸೀಟಿ, ಮಿಕ್ಸಿಯ ಗಲಾಟೆ ನಮಗೆ ಬೆಳಗಿನ ಸಂಗತಿ. ಆದರೆ ಮನುಷ್ಯನ ಕಿವಿ 20 ಸಾವಿರ ಹರ್ಟ್ಜ್‌ಗೆ ನಿಂತುಹೋಗುವಲ್ಲಿ ಬೆಕ್ಕಿನ ಕಿವಿ 60 ಸಾವಿರವನ್ನೂ ದಾಟಿ ಕೇಳಿಸಿಕೊಳ್ಳುತ್ತದೆ, ಇಲಿಮರಿಯ ಕೀರಲು ಹಿಡಿಯಲು ಹೊಂದಿಕೊಂಡ ಕಿವಿ ಅದು. ಕಿಟಕಿಗೆ ಸ್ಟೀಲಿನ ಜಾಲರಿ ಹೊಡೆಸಿದ್ದರು. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು. ಎಷ್ಟು ಎತ್ತರದಿಂದ ಬಿದ್ದರೂ ಬೆಕ್ಕಿಗೇನೂ ಆಗುವುದಿಲ್ಲ ಎಂದು ನಂಬಿ ಬಾಲ್ಕನಿ ತೆರೆದಿಡುವ ಅಪಾರ್ಟ್‌ಮೆಂಟಿನವರು ಪಶುವೈದ್ಯರನ್ನು ಒಮ್ಮೆ ಕೇಳಬೇಕು. ಒಡೆದ ದವಡೆ, ಜಜ್ಜಿದ ಎದೆಗೂಡು ಅವರು ನೋಡಿರುತ್ತಾರೆ.

ಕೋಣೆಯೊಳಗೆ ಎರಡು ರಟ್ಟಿನ ಡಬ್ಬ, ಒಂದು ನೆಲದ ಮೇಲೆ, ಒಂದು ಬೀರುವಿನ ಮೇಲೆ. ಎರಡಕ್ಕೂ ಎರಡೆರಡು ತೂತು. "ಒಂದೇ ಬಾಗಿಲಿದ್ದರೆ ಅದು ಬೋನು, ಎರಡಿದ್ದರೆ ಮನೆ" ಎಂದರು ಅತ್ತಿಗೆ. ಅಡಗುವ ಜಾಗ ಕೊಟ್ಟರೆ ಬೆಕ್ಕು ಅಡಗಿಯೇ ಇರುತ್ತದೆ ಎಂದು ನಾನು ಭಾವಿಸಿದ್ದೆ. ತಿಳಿದವರು ಹೇಳುವುದು ಬೇರೆ. ನೆದರ್ಲೆಂಡ್ಸಿನ ಯುಟ್ರೆಕ್ಟ್ ವಿಶ್ವವಿದ್ಯಾಲಯದವರು ಬೆಕ್ಕುಗಳ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗುಡಬ್ಬ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿ 2014ರಲ್ಲಿ ವರದಿ ಮಾಡಿದರು. ಡಬ್ಬ ಸಿಕ್ಕ ಬೆಕ್ಕುಗಳು ಬೇಗ ಹದಕ್ಕೆ ಬಂದವು. ಅವಿತುಕೊಳ್ಳಬಲ್ಲೆ ಎಂಬ ಧೈರ್ಯವಿದ್ದ ಜೀವಕ್ಕೆ ಹೊರಗೆ ಬರುವ ಧೈರ್ಯವೂ ಬರುತ್ತದೆ. ಬೀರುವಿನ ಹಿಂದಿನ ಸಂದನ್ನು ಮಾತ್ರ ಅತ್ತಿಗೆ ಹಳೆಯ ದಿಂಬುಗಳಿಂದ ಮುಚ್ಚಿದ್ದರು. ಅಲ್ಲಿ ಸೇರಿಕೊಂಡರೆ ಎಳೆದು ತೆಗೆಯಬೇಕಾಗುತ್ತದೆ, ಎಳೆದರೆ ಮಾಡಿದ ಕೆಲಸವೆಲ್ಲ ಹಾಳು.

ಮರಳಿನ ತೊಟ್ಟಿಯ ವಿಷಯದಲ್ಲಿ ಅವರ ಕೈಚಳಕ ನನಗೆ ಬಹಳ ಹಿಡಿಸಿತು. ಬೆಕ್ಕು ಪೂರ್ತಿ ಒಂದು ಸುತ್ತು ತಿರುಗುವಷ್ಟು ಅಗಲದ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಜರಡಿ ಹಿಡಿದ ಮರಳು. ಮೇಲೆ, ಹಳೆಯ ಮನೆಯಿಂದ ಚೀಲದಲ್ಲಿ ಕಟ್ಟಿಸಿಕೊಂಡು ತಂದ, ಅದೇ ಬೆಕ್ಕು ಬಳಸಿದ ಮರಳು ಒಂದು ಹಿಡಿ. ಆ ಒಂದು ಹಿಡಿ ಮರಳು ಬೆಕ್ಕಿಗೆ ಓದಿ ಹೇಳಿದ ಹಾಗೆ: ಜಾಗ ಇದೇ. ಊಟದ ತಟ್ಟೆ ಎದುರು ಗೋಡೆಯ ಬಳಿ, ನೀರು ತಟ್ಟೆಯಿಂದಲೂ ದೂರ.

ಬೆಕ್ಕನ್ನು ತರುವಾಗ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಬರುವವರನ್ನು ನೋಡಿದ್ದೇನೆ, ನಾನೂ ಹಾಗೇ ತಂದಿದ್ದೆ. ಅತ್ತಿಗೆ ಬಳಸುವುದು ಮೇಲಿನಿಂದಲೂ ತೆರೆಯುವ ಬುಟ್ಟಿಯನ್ನು. ಅದರೊಳಗೆ ಹಳೆಯ ಮನೆಯ ಒಗೆಯದ ಟವೆಲ್, ಮೇಲೆ ಹೊದಿಸಿದ ಹತ್ತಿಯ ಸೀರೆ. ಕತ್ತಲಲ್ಲಿ ಬೆಕ್ಕು ಸುಮ್ಮನಾಗುತ್ತದೆ. ಮನೆಗೆ ಬಂದ ಮೇಲೆ ಅದನ್ನು ಹೊರಗೆ ಸುರಿಯುವುದಿಲ್ಲ. ಬುಟ್ಟಿಯ ಬಾಗಿಲು ತೆಗೆದಿಟ್ಟು ಹೊರಗೆ ನಡೆಯುತ್ತಾರೆ, ಬುಟ್ಟಿಯೂ ಕೋಣೆಯಲ್ಲೇ ಉಳಿಯುತ್ತದೆ. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದಂತೂ ಅವರ ಮನೆಯಲ್ಲಿ ನಿಷಿದ್ಧ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಶರಣಾಗತಿಯನ್ನು ವಿವರಿಸಲು ಮಾರ್ಜಾಲ ನ್ಯಾಯವನ್ನು ಹೇಳುತ್ತಾರೆ. ಕೋತಿಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು. ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕುತ್ತಿಗೆ ಕಚ್ಚಿ ಒಯ್ಯುತ್ತಾಳೆ. ಬೆಕ್ಕನ್ನು ಹತ್ತಿರದಿಂದ ನೋಡಿದವರ ಮಾತು ಅದು. ಆದರೆ ಆ ಹಿಡಿತ ತಾಯಿಯದು, ಮತ್ತು ಮರಿಗೆ ಮಾತ್ರ. ಬೆಳೆದ ಬೆಕ್ಕಿನ ಪೂರ್ತಿ ತೂಕ ಆ ಚರ್ಮದ ಮೇಲೆ ಬಿದ್ದರೆ ನೋವಾಗುತ್ತದೆ, ಹಿಡಿದ ಕೈಯ ಮೇಲೆ ಅನುಮಾನವೂ ಕೂರುತ್ತದೆ.

ಬೂದುಬಣ್ಣದ ಬೆಕ್ಕು ಮೊದಲ ದಿನ ಏನೂ ತಿನ್ನಲಿಲ್ಲ. ಅತ್ತಿಗೆ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ಬೆಳಿಗ್ಗೆ ಸಂಜೆ ಬರೆದಿಡುತ್ತಿದ್ದರು. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಕಟ್ಟಿಕೊಂಡು ಜೀವಕ್ಕೆ ಅಪಾಯವಾಗುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ. ಹಸಿದರೆ ತಾನೇ ತಿನ್ನುತ್ತೆ ಬಿಡಿ ಎಂಬ ಮಾತು ಬೆಕ್ಕಿನ ಮಟ್ಟಿಗೆ ತಪ್ಪು. ಎರಡನೇ ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಅದು ಅರ್ಧ ತಟ್ಟೆ ತಿಂದಿತ್ತು. ತಿಂದದ್ದು ಹಳೆಯ ಮನೆಯ ಊಟವನ್ನೇ. ಜಾಗ, ಜನ, ಊಟ ಮೂರನ್ನೂ ಒಟ್ಟಿಗೆ ಬದಲಿಸಬಾರದು ಎನ್ನುವುದು ಅವರ ನಿಯಮ. ಅಣ್ಣನ ಮನೆ ಸಸ್ಯಾಹಾರಿ. ಆದರೂ ಮೊಸರನ್ನದಲ್ಲಿ ಬೆಕ್ಕನ್ನು ಸಾಕುತ್ತೇನೆ ಎಂದು ಅತ್ತಿಗೆ ಎಂದೂ ಹೇಳಿದವರಲ್ಲ. ಮಾಂಸ ಮೀನಿನಲ್ಲಿರುವ ಟಾರಿನ್ ಇಲ್ಲದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹೃದಯದ ಸಂಬಂಧ 1987ರಲ್ಲಿ ಸ್ಪಷ್ಟವಾದ ಮೇಲೆ ಬೆಕ್ಕಿನ ಡಬ್ಬಿ ಆಹಾರಗಳಿಗೆ ಅದನ್ನು ಹೆಚ್ಚಿಸಿ ಬೆರೆಸತೊಡಗಿದರು. ಅತ್ತಿಗೆ ತಮ್ಮ ಅಡುಗೆಮನೆಯ ಮಡಿಯನ್ನೂ ಬೆಕ್ಕಿನ ಹೊಟ್ಟೆಯನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದಾರೆ, ಹಿತ್ತಲ ಕಟ್ಟೆಯ ಮೇಲೆ ಅದರ ಪಾತ್ರೆಗಳು ಬೇರೆ. ಈ ವಿವೇಕಕ್ಕೆ ನನ್ನ ನಮಸ್ಕಾರ.

ಇನ್ನು ಆ ಬೆನ್ನು ತಿರುಗಿಸಿ ಕೂರುವುದು. ಬೆಕ್ಕಿನ ಲೋಕದಲ್ಲಿ ನೆಟ್ಟ ನೋಟ ಎಂದರೆ ಬೆದರಿಕೆ. ಮುದ್ದು ಮಾಡಲು ಬಗ್ಗಿ ಮಂಚದ ಕೆಳಗೆ ಕಣ್ಣು ನೆಡುವ ನಾವು, ಅದರ ಭಾಷೆಯಲ್ಲಿ ಜಗಳಕ್ಕೆ ಕರೆಯುತ್ತಿರುತ್ತೇವೆ. ಬೆನ್ನು ಹಾಕಿ, ಕೈಯಲ್ಲಿ ಬೇರೆ ಕೆಲಸ ಹಿಡಿದು, ನೆಲದ ಮಟ್ಟದಲ್ಲಿ ಕೂತ ಮನುಷ್ಯ ಬೇಟೆಗೆ ಬಂದವನಲ್ಲ ಎಂದು ಬೆಕ್ಕು ಓದಿಕೊಳ್ಳುತ್ತದೆ. ಅವರೆಕಾಯಿ ಆರಿಸಿಕೊಂಡದ್ದರಲ್ಲೂ ಲೆಕ್ಕವಿತ್ತು. ಚಟ್ ಚಟ್ ಎಂಬ ಸಣ್ಣ ಸದ್ದು, ಒಂದೇ ಲಯ, ಮುಂದೇನಾಗುತ್ತದೆ ಎಂದು ಊಹಿಸಬಹುದಾದದ್ದು. ಅಣ್ಣನಿಗೂ ಒಂದು ಪಾತ್ರ ಕೊಟ್ಟಿದ್ದರು. "ರೀ, ಒಳಗೆ ಬಂದು ಪೇಪರ್ ಜೋರಾಗಿ ಓದಿ. ಅದರ ಕಡೆ ಮಾತ್ರ ನೋಡಬೇಡಿ." ದಿನಾ ಸಂಜೆ ಅಣ್ಣ ಸಂಪಾದಕೀಯದಿಂದ ಕ್ರೀಡಾಪುಟದವರೆಗೆ ಓದಿ ಎದ್ದು ಬರುತ್ತಿದ್ದರು. ಗಂಡಸಿನ ದನಿ ಅದಕ್ಕೆ ಹೀಗೆ ಪರಿಚಯವಾಯಿತು.

ಐದನೇ ದಿನ ಅದು ಡಬ್ಬದೊಳಗಿಂದ ಅತ್ತಿಗೆಯ ಕಣ್ಣಿಗೆ ಬಿತ್ತು. ಆಗ ಅವರು ಮಾಡಿದ್ದು ಇಷ್ಟೇ: ಕಣ್ಣುಗಳನ್ನು ಮೆಲ್ಲಗೆ ಅರ್ಧ ಮುಚ್ಚಿ, ಹಾಗೇ ಒಂದು ಕ್ಷಣ ಇದ್ದು, ತೆರೆದು, ಮುಖ ಪಕ್ಕಕ್ಕೆ ತಿರುಗಿಸಿದರು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನೇ ಪರೀಕ್ಷಿಸಿದರು. ನಿಧಾನವಾಗಿ ಕಣ್ಣು ಮುಚ್ಚಿ ತೆರೆದವರಿಗೆ ಬೆಕ್ಕುಗಳೂ ಹಾಗೆಯೇ ಉತ್ತರಿಸಿದವು, ಅಪರಿಚಿತರಾದರೂ ಅವರು ಚಾಚಿದ ಕೈಯ ಬಳಿ ಹೆಚ್ಚಾಗಿ ಬಂದವು. ಅತ್ತಿಗೆ ಆ ಪ್ರಬಂಧ ಓದಿದವರಲ್ಲ. ಬೆಕ್ಕುಗಳನ್ನೇ ಓದಿ ಕಲಿತರು.

ಮುಟ್ಟುವುದಕ್ಕೂ ಕ್ರಮವಿದೆ. ಒಂದು ಬೆರಳು, ಮೂಗಿನ ಎತ್ತರಕ್ಕೆ, ಅರ್ಧ ಅಡಿ ದೂರದಲ್ಲಿ ನಿಲ್ಲಬೇಕು. ಬೆಕ್ಕು ಬಂದು ಮೂಸಿ ಕೆನ್ನೆ ಒತ್ತಿದರೆ ಕೆನ್ನೆಯನ್ನೇ ಸವರಬೇಕು, ಗಲ್ಲದಡಿ, ಕಿವಿಯ ಬುಡ. ಹೊಟ್ಟೆ ಬೇಡ, ಬಾಲದ ಬುಡ ಬೇಡ. ಮೂರು ಸಲ ಸವರಿ ಕೈ ತೆಗೆಯಬೇಕು, ಇನ್ನೂ ಬೇಕಿದ್ದರೆ ಅದೇ ಮುಂದೆ ಬರುತ್ತದೆ. ಬೆನ್ನಿನ ಚರ್ಮ ಜುಮ್ಮೆಂದರೆ, ಬಾಲದ ತುದಿ ನೆಲಕ್ಕೆ ಬಡಿದರೆ, ಕಿವಿ ಪಕ್ಕಕ್ಕೆ ವಾಲಿದರೆ ಸಾಕು ಎಂದರ್ಥ. ಅದನ್ನು ಗಮನಿಸದವರಿಗೆ ಪರಚು ಬೀಳುತ್ತದೆ. ಪರಚಿದರೆ, ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ವೈದ್ಯರಲ್ಲಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಲೇಬೇಕು, ಬೆಕ್ಕಿಗೂ ಲಸಿಕೆ ಹಾಕಿಸಬೇಕು. ಇದರಲ್ಲಿ ಸಡಿಲ ಕೂಡದು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಸುಡುವ ಹಾಲಿಗೆ ಒಮ್ಮೆ ಮೂತಿಯಿಟ್ಟ ಬೆಕ್ಕು ಮತ್ತೆಂದೂ ಹಾಲಿನ ಬಟ್ಟಲ ಹತ್ತಿರ ಸುಳಿಯಲಿಲ್ಲ. ಚಿಕ್ಕಂದಿನಲ್ಲಿ ರಾಮಕೃಷ್ಣನ ಜಾಣ್ಮೆಗೆ ನಕ್ಕಿದ್ದೆ. ಈಗ ಬೆಕ್ಕಿನ ಕಡೆಯಿಂದ ಯೋಚಿಸುತ್ತೇನೆ. ಒಂದೇ ಒಂದು ಸಲದ ನೋವು ಸಾಕು, ಅದು ಜನ್ಮವಿಡೀ ನೆನಪಿಡುತ್ತದೆ. ಹೊಸ ಮನೆಯ ಮೊದಲ ವಾರದಲ್ಲಿ ಅದನ್ನು ಬಲವಂತವಾಗಿ ಎತ್ತಿದ ಒಂದು ಸಲವೂ ಹಾಗೆಯೇ ಲೆಕ್ಕಕ್ಕೆ ಸೇರುತ್ತದೆ.

ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ಬೆಕ್ಕು ಸಾಕುವವರು ಹೇಳುತ್ತಾರೆ. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಪರಿಚಯ, ಮೂರು ತಿಂಗಳಿಗೆ ಮನೆ. ಆತುರದವರನ್ನು ತಡೆಯಲು ಈ ಲೆಕ್ಕ ಒಳ್ಳೆಯದು, ಬೆಕ್ಕನ್ನು ಅಳೆಯಲು ಅಲ್ಲ. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಕಂಡ ಮರಿ ಮುಂದೆ ಬೇಗ ಹೊಂದಿಕೊಳ್ಳುತ್ತದೆ ಎಂದು ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ 1980ರ ದಶಕದಲ್ಲಿ ತೋರಿಸಿದ್ದರು. ಆ ವಾರಗಳನ್ನು ಮೋರಿಯಲ್ಲಿ ಕಳೆದ ಬೆಕ್ಕಿಗೆ ವರ್ಷವೇ ಬೇಕಾಗಬಹುದು. ಮನೆಯಲ್ಲಿ ಮೊದಲೇ ಒಂದು ಬೆಕ್ಕಿದ್ದರೆ ಇನ್ನೂ ನಿಧಾನ. ಎರಡು ವಾರ ಬೇರೆ ಬೇರೆ ಕೋಣೆ, ಒಂದರ ಹಾಸುಬಟ್ಟೆ ಇನ್ನೊಂದಕ್ಕೆ, ಬಾಗಿಲ ಎರಡೂ ಬದಿಯಲ್ಲಿ ಊಟ. ಮುಖಾಮುಖಿ ಕೊನೆಗೆ.

ಹನ್ನೊಂದನೇ ಸಂಜೆ ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಅತ್ತಿಗೆ ಎಂದಿನಂತೆ ಬೆನ್ನು ಹಾಕಿ ಅವರೆಕಾಯಿ ಬಿಡಿಸುತ್ತಿದ್ದರು. ಬೆಕ್ಕು ಮಂಚದ ಕೆಳಗಿನಿಂದ ಹೊರಬಂದು, ಹೊಟ್ಟೆ ನೆಲಕ್ಕೆ ತಾಗಿಸಿ ಎರಡು ಹೆಜ್ಜೆ, ನಿಂತು, ಮತ್ತೆ ಎರಡು ಹೆಜ್ಜೆ. ಮೊರದ ಅಂಚನ್ನು ಮೂಸಿತು. ಆಮೇಲೆ ಬಾಲ ನೆಟ್ಟಗೆ ಮೇಲೆದ್ದು, ತುದಿ ಕೊಕ್ಕೆಯಂತೆ ಬಾಗಿತು. ಕೆನ್ನೆಯನ್ನು ಮೊರದ ಅಂಚಿಗೆ ಒತ್ತಿ ಮೂತಿಯಿಂದ ಕಿವಿಯವರೆಗೆ ತೀಡಿತು. ಅತ್ತಿಗೆಯ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. "ಬಂದ್ಯಾ ಬೂದಕ್ಕ" ಎಂದಷ್ಟೇ ಅಂದರು, ತಿರುಗದೆ. ಅದಕ್ಕೆ ಹೆಸರು ಬಂದದ್ದು ಆಗ.

ಮರುದಿನ ಮಧ್ಯಾಹ್ನ, ಊಟವಾಗಿ ಬೀದಿ ಸದ್ದಡಗಿದ ಹೊತ್ತಿಗೆ, ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟರು. ಬೂದಕ್ಕ ಹೊಸ್ತಿಲಲ್ಲಿ ಇಪ್ಪತ್ತು ನಿಮಿಷ ಕೂತು, ನಡುಮನೆಯನ್ನು ನೋಡಿ, ಒಳಗೆ ವಾಪಸು ಹೋಯಿತು. ಅದರ ಮರುದಿನ ಗೋಡೆಯ ಬದಿಯಲ್ಲೇ ದಿವಾನದವರೆಗೆ. ಪ್ರತಿ ಸಲವೂ ಓಡಿಹೋಗಲು ಹಿಂದಿನ ಕೋಣೆ ತೆರೆದೇ ಇತ್ತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಬೂದಕ್ಕ ಒಂದೇ ಮನೆಯನ್ನು ಏಳು ಮನೆಯಾಗಿ ಮಾಡಿಕೊಂಡು ಒಂದೊಂದನ್ನೇ ಸೇರಿತು.

ಸಂಕ್ರಾಂತಿಗೆ ನಾನು ಮತ್ತೆ ಹೋದಾಗ ಮನೆ ತೊಳೆಯುವ ಕೆಲಸ ನಡೆದಿತ್ತು. ಅತ್ತಿಗೆ ನಡುಮನೆಯ ಬಾಗಿಲ ಚೌಕಟ್ಟನ್ನು ಮೇಲಿನಿಂದ ಒರೆಸುತ್ತಾ ಬಂದರು. ನೆಲದಿಂದ ಒಂದು ಗೇಣು ಎತ್ತರದಲ್ಲಿ, ಮರದ ಅಂಚಿನ ಮೇಲೆ, ಅಂಗೈಯಷ್ಟು ಅಗಲಕ್ಕೆ ಕಂದು ಎಣ್ಣೆಜಿಡ್ಡಿನ ಗುರುತು ಕಟ್ಟಿತ್ತು. ಅಲ್ಲಿಗೆ ಬಂದಾಗ ಬಟ್ಟೆ ನಿಂತಿತು. ಅದನ್ನು ಹಾಗೇ ಬಿಟ್ಟು, ಅದರ ಕೆಳಗಿನಿಂದ ಹೊಸ್ತಿಲವರೆಗೆ ಒರೆಸಿ, ಬಕೆಟ್ ಎತ್ತಿಕೊಂಡು ಮುಂದಿನ ಬಾಗಿಲಿಗೆ ಹೋದರು.